ಹರಕೆಯಿಂದ ವಾಸಿಯಾಯ್ತಾ, ತಾನಾಗೇ ವಾಸಿಯಾಯ್ತಾ?

ಪ್ರಶ್ನೆ: ನನಗೆ 26 ವರ್ಷ. ಊರು ಹಾಸನದ ಕಡೆ, ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಹೋದ ಮಳೆಗಾಲದಲ್ಲಿ ತಮ್ಮನಿಗೆ ಕಾಮಾಲೆ ಆಯಿತು. ಆಸ್ಪತ್ರೆಯಲ್ಲಿ ವಿಶ್ರಾಂತಿ ತಗೊಳ್ಳಿ, ಎಣ್ಣೆ ಪದಾರ್ಥ ಬೇಡ ಅಂದು ಕಳಿಸಿದರು. ಅಮ್ಮನಿಗೆ ಸಮಾಧಾನ ಆಗಲಿಲ್ಲ. ಮನೆದೇವರಿಗೆ ಹರಕೆ ಹೊತ್ತು ಮುಡಿಪು ಕಟ್ಟಿಟ್ಟರು. ಪಕ್ಕದೂರಿನಲ್ಲಿ ಕಾಮಾಲೆ ಇಳಿಸುವವರ ಹತ್ತಿರ ಕರೆದುಕೊಂಡು ಹೋದರು. ಅವರು ತಮ್ಮನ ಮೈ ಸವರಿ ಕೈಯನ್ನು ಸುಣ್ಣದ ನೀರಿನಲ್ಲಿ ತೊಳೆದಾಗ ನೀರು ಹಳದಿ ಆಯಿತು, ನಾನೇ ಕಣ್ಣಾರೆ ಕಂಡೆ. ಮೂರು ವಾರದಲ್ಲಿ ಅವನು ಪೂರ್ತಿ ಹುಷಾರಾದ. ‘ತಾನಾಗೇ ವಾಸಿ ಆಗ್ತಿತ್ತು’ ಅಂದೆ. ಅಮ್ಮ ಅತ್ತುಬಿಟ್ಟರು. ನನಗೆ ನಂಬಿಕೆ ಹೋಗುತ್ತಿದೆ. ಆದರೆ ದೇವಸ್ಥಾನದ ಮುಂದೆ ಬಸ್ಸು ಹೋದರೆ ಕೈ ತಾನಾಗೇ ಎದೆಗೆ ಹೋಗುತ್ತೆ, ಹೋಗದಿದ್ದರೆ ಭಯ ಆಗುತ್ತೆ. ಪುರಾವೆ ಇಲ್ಲದ್ದನ್ನು ನಂಬೋದು ತಪ್ಪಾ? ಪ್ರಶ್ನೆ ಕೇಳೋದು ತಪ್ಪಾ? ಈಗ ಹರಕೆ ತೀರಿಸೋಕೆ ‘ನೀನೂ ಬಾ’ ಅಂತಿದಾರೆ. ಹೋಗಲಾ?

ಉತ್ತರ: ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷಕ್ಕೂ ಜಾಸ್ತಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನು. ದೇವರ ವಿಷಯದಲ್ಲಿ ನಾನು ತಜ್ಞ ಅಲ್ಲ. ಆದರೆ ‘ಇದರಿಂದಲೇ ಅದು ಆಯಿತು’ ಅನ್ನುವ ಮಾತನ್ನು ಹೇಗೆ ತೂಗಬೇಕು ಅನ್ನೋದು ನನ್ನ ಕಸುಬು. ನಿಮ್ಮ ಕಾಗದದಲ್ಲಿ ಅಂಥ ಮಾತು ಎರಡಿವೆ. ಮೊದಲು ಅವನ್ನು ಇತ್ಯರ್ಥ ಮಾಡೋಣ. ದೇವರು ಸ್ವಲ್ಪ ಕಾಯಲಿ.

ಹಳದಿ ನೀರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಸುಲಭ. ಮಾವಿನ ಮರದ ತೊಗಟೆಯನ್ನು ಜಜ್ಜಿ ಅದರ ರಸವನ್ನು ಅಂಗೈಗೆ ಸವರಿಕೊಳ್ಳಿ. ಆರಲು ಬಿಡಿ. ಒಣಗಿದ ಮೇಲೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಣ್ಣದ ತಿಳಿಯಲ್ಲಿ ಕೈ ತೊಳೆಯಿರಿ. ನೀರು ಹಳದಿ ಆಗುತ್ತದೆ. ಕಾಮಾಲೆ ಇಳಿಸುವ ಈ ಆಟವನ್ನು ಪವಾಡ ಬಯಲು ಮಾಡುವ ಕಾರ್ಯಕರ್ತರು ಎಷ್ಟೋ ಹಳ್ಳಿಗಳಲ್ಲಿ ಮಾಡಿ ತೋರಿಸಿದ್ದಾರೆ. ಇದರ ಅಣ್ಣ-ತಮ್ಮನಂಥ ಆಟ ನಿಮ್ಮ ಮನೆಯಲ್ಲೇ ನಡೆಯುತ್ತದೆ. ಆರತಿ ತಟ್ಟೆಯ ಅರಿಶಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತದೆ, ಅಲ್ವಾ? ಅದನ್ನು ಯಾರೂ ಪವಾಡ ಅನ್ನುವುದಿಲ್ಲ, ಓಕುಳಿ ಅಂತಾರೆ. ದಿನಾ ನೋಡಿದ್ದಕ್ಕೆ ಬೆರಗು ಇಲ್ಲ, ಅಷ್ಟೇ.

ನಿಮ್ಮ ಊರಿನ ವ್ಯಕ್ತಿ ಹೀಗೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಾನು ಅಲ್ಲಿರಲಿಲ್ಲ. ಅವರು ಒಳ್ಳೆಯವರೇ ಇರಬಹುದು, ಅವರಪ್ಪ ಕಲಿಸಿದ್ದನ್ನು ಹಾಗೇ ಮಾಡುತ್ತಿರಬಹುದು. ಆದರೆ ನಿಮ್ಮನ್ನು ಒಂದು ಕೇಳುತ್ತೇನೆ. ಬೆಳಿಗ್ಗೆ ಲ್ಯಾಬ್‌ಗೆ ಹೋದ ತಕ್ಷಣ ರೋಗಿಯ ರಕ್ತ ಮೆಷಿನ್‌ಗೆ ಹಾಕುತ್ತೀರಾ? ಇಲ್ಲ. ಮೊದಲು ಕಂಟ್ರೋಲ್ ಓಡಿಸುತ್ತೀರಿ. ಉತ್ತರ ಗೊತ್ತಿರುವ ಸ್ಯಾಂಪಲ್ ಅದು. ಅದಕ್ಕೇ ತಪ್ಪು ಅಂಕಿ ಬಂದರೆ ಆವತ್ತಿನ ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತು) ರಿಪೋರ್ಟ್ ಒಂದೂ ಹೊರಗೆ ಹೋಗಲ್ಲ. ಸುಣ್ಣದ ನೀರಿಗೂ ಅದನ್ನೇ ಕೇಳಬೇಕಿತ್ತು. ಕಾಮಾಲೆ ಇಲ್ಲದವರ ಮೈ ಸವರಿದರೆ ನೀರು ಬೆಳ್ಳಗೇ ಇರುತ್ತದಾ?

ನಾನು ಒಮ್ಮೆ ಕೇಳಿದ್ದೇನೆ. ಸುಮಾರು ಮೂವತ್ತೈದು ವರ್ಷದ ಹಿಂದಿನ ಮಾತು. ಸ್ನೇಹಿತನೊಬ್ಬನನ್ನು ಕರೆದುಕೊಂಡು ಇಂಥವರೊಬ್ಬರ ಜಗಲಿಗೆ ಹೋಗಿದ್ದೆ. ಅವನು ಗುಂಡುಕಲ್ಲಿನ ಹಾಗಿದ್ದ. ಹಿಂದಿನ ದಿನವಷ್ಟೇ ರಕ್ತ ಪರೀಕ್ಷೆ ಆಗಿತ್ತು, ಎಲ್ಲ ಸರಿ ಇತ್ತು. ‘ಎರಡು ದಿನದಿಂದ ಸುಸ್ತು’ ಅಂದ. ಅವರು ಕಣ್ಣಿನ ರೆಪ್ಪೆ ಎತ್ತಿ ನೋಡಿ ‘ಇದೆ, ಆದರೆ ಇನ್ನೂ ಎಳೆಯದು’ ಅಂದರು. ಕೈ ತೊಳೆದರು. ಕಂಚಿನ ಬಟ್ಟಲಲ್ಲಿ ನೀರು ಹಳದಿಯಾಯಿತು. ಸ್ನೇಹಿತ ನನ್ನ ಮುಖ ನೋಡಿದ. ತಮಾಷೆ ಅಂದರೆ, ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಎರಡು ಸಲ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡ! ಆಟ ಗೊತ್ತಿದ್ದವನಿಗೇ ಹಾಗಾದರೆ, ಮಗನ ಕಣ್ಣು ಹಳದಿಯಾಗಿ ಕಂಗಾಲಾಗಿದ್ದ ನಿಮ್ಮ ಅಮ್ಮನನ್ನು ಯಾರು ತಾನೇ ದೂರಬೇಕು?

ಸುಣ್ಣದ ನೀರಿನ ಕಥೆ ಮುಗಿಯಿತು. ಹರಕೆಯದು ಇಷ್ಟು ಸಲೀಸಲ್ಲ. ಅಲ್ಲಿ ಕೈಚಳಕ ಇಲ್ಲ, ಮೋಸ ಇಲ್ಲ. ತಾಯಿಯೊಬ್ಬಳು ಅರಿಶಿಣದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಇಟ್ಟಿದ್ದಾಳೆ, ಮಗ ಹುಷಾರಾಗಿದ್ದಾನೆ. ಎರಡೂ ನಿಜ. ಒಂದರಿಂದ ಇನ್ನೊಂದು ಆಯಿತೇ ಅನ್ನುವುದಷ್ಟೇ ಪ್ರಶ್ನೆ.

ಮೊದಲು ಕಾಯಿಲೆಯ ಬಗ್ಗೆ. ಕಾಮಾಲೆ ಅನ್ನುವುದು ಒಂದು ರೋಗದ ಹೆಸರಲ್ಲ, ಲಕ್ಷಣ. ಬಿಲಿರುಬಿನ್ ಜಾಸ್ತಿಯಾದರೆ ಕಣ್ಣು, ಚರ್ಮ ಹಳದಿಯಾಗುತ್ತವೆ. ಕಾರಣ ಹತ್ತಾರು. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವುದು ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್. ಹೆಪಟೈಟಿಸ್ ಎ-ಗೆ ಇಂಥದ್ದೇ ಅಂತ ಔಷಧಿ ಇಲ್ಲ. ಬೇಕಾಗಿಯೂ ಇಲ್ಲ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ದೇಹವೇ ವೈರಸ್ಸನ್ನು ಹೊರಗೆ ಹಾಕುತ್ತದೆ. ವೈದ್ಯರು ‘ವಿಶ್ರಾಂತಿ ತಗೊಳ್ಳಿ’ ಅಂದು ಕಳಿಸಿದ್ದು ಅಸಡ್ಡೆಯಿಂದಲ್ಲ. ಆ ಕಾಯಿಲೆಗೆ ಚಿಕಿತ್ಸೆ ಇರುವುದೇ ಅಷ್ಟು.

ಇನ್ನು ಹರಕೆ ಹೊರುವುದು ಯಾವಾಗ? ಮೊದಲ ದಿನ ವಾಕರಿಕೆ ಬಂದಾಗ ಯಾರೂ ಹೊರುವುದಿಲ್ಲ. ಆಗ ಅಜೀರ್ಣ ಅಂತ ಶುಂಠಿ ಕಷಾಯ ಕೊಡುತ್ತಾರೆ. ಮೂತ್ರ ಹಳದಿಯಾದಾಗ ಎಳನೀರು ಕೊಡುತ್ತಾರೆ. ಕಣ್ಣು ಪೂರ್ತಿ ಅರಿಶಿಣದ ಹಾಗಾಗಿ, ಹುಡುಗ ಹಾಸಿಗೆ ಬಿಟ್ಟು ಏಳದೆ, ಇನ್ನೇನು ಗತಿ ಅನ್ನಿಸಿದ ದಿನ ಮುಡಿಪು ಕಟ್ಟುತ್ತಾರೆ. ಅಂದರೆ ಬಿಲಿರುಬಿನ್ ತುದಿಗೆ ಹೋದ ದಿನದ ಆಸುಪಾಸಿನಲ್ಲಿ. ತುದಿ ಮುಟ್ಟಿದ ಮೇಲೆ ಇಳಿಯಲೇಬೇಕಲ್ಲ. ಆ ದಿನ ಏನು ಮಾಡಿದ್ದರೂ, ಮನೆಯ ಹೆಂಚು ಬದಲಾಯಿಸಿದ್ದರೂ, ಮಾರನೆಯ ವಾರ ಅಂಕಿ ಇಳಿದೇ ಇಳಿಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲಿ ಮಾಡಿದ ಕೆಲಸಕ್ಕೆ ಯಾವಾಗಲೂ ಒಳ್ಳೆಯ ಹೆಸರು ಬರುತ್ತದೆ. ಇದನ್ನು ತರಗತಿಯಲ್ಲಿ ಒಂದು ಗಂಟೆ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಅರ್ಧ ಜನ ತಪ್ಪು ಬರೆಯುತ್ತಿದ್ದರು. ಅಷ್ಟು ಜಾರುವ ವಿಷಯ.

ಒಂದು ಹಾಳೆ ತಗೊಂಡು ಚೌಕಾಬಾರದ ಹಾಗೆ ನಾಲ್ಕು ಮನೆ ಎಳೆಯಿರಿ. ಹರಕೆ ಹೊತ್ತು ವಾಸಿಯಾದವರು ಒಂದು ಮನೆಯಲ್ಲಿ. ಹರಕೆ ಹೊತ್ತೂ ವಾಸಿಯಾಗದವರು ಇನ್ನೊಂದರಲ್ಲಿ. ಹರಕೆ ಇಲ್ಲದೆ ವಾಸಿಯಾದವರು, ಹರಕೆಯೂ ಇಲ್ಲದೆ ವಾಸಿಯೂ ಆಗದವರು ಉಳಿದೆರಡರಲ್ಲಿ. ಹರಕೆಗೆ ಶಕ್ತಿ ಇದೆಯಾ ಅಂತ ಹೇಳಬೇಕಾದರೆ ನಾಲ್ಕೂ ಮನೆಯ ಲೆಕ್ಕ ಬೇಕು. ನಮ್ಮ ಕಿವಿಗೆ ಬೀಳುವುದು ಮೊದಲನೆಯದು ಮಾತ್ರ. ದೇವಸ್ಥಾನದ ಹುಂಡಿಯಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಹಾಕುತ್ತಾರಲ್ಲ, ಅವೆಲ್ಲ ಕಣ್ಣು ಬಂದವರದ್ದು, ಕಾಲು ಸರಿಹೋದವರದ್ದು. ಸರಿಹೋಗದವರು ಏನು ಹಾಕುತ್ತಾರೆ? ಅವರು ಸುಮ್ಮನೆ ಮನೆಯಲ್ಲಿರುತ್ತಾರೆ. ‘ನಮ್ಮ ಹರಕೆಯಲ್ಲೇ ಏನೋ ಲೋಪ ಆಯ್ತು’ ಅಂತ ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಈ ಯೋಚನೆ ಹೊಸದಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸಿಸೆರೊ ಒಂದು ಕಥೆ ಬರೆದಿಟ್ಟಿದ್ದಾನೆ. ಗ್ರೀಸಿನ ಡಯಾಗೊರಾಸ್ ಅನ್ನುವ ನಾಸ್ತಿಕನಿಗೆ ಸ್ನೇಹಿತನೊಬ್ಬ ಹರಕೆಯ ಚಿತ್ರಗಳನ್ನು ತೋರಿಸಿದನಂತೆ. ಬಿರುಗಾಳಿಗೆ ಸಿಕ್ಕರೂ ದೇವರಿಗೆ ಮೊರೆಯಿಟ್ಟು ಬದುಕಿ ಬಂದ ನಾವಿಕರು ಬರೆಸಿದ ಚಿತ್ರಗಳವು. ಡಯಾಗೊರಾಸ್ ಕೇಳಿದ್ದು ಇಷ್ಟೇ: ಮುಳುಗಿ ಹೋದವರ ಚಿತ್ರ ಎಲ್ಲಿವೆ?

‘ಸರಿ ಮೇಷ್ಟ್ರೇ, ಯಾರಾದರೂ ನಾಲ್ಕೂ ಮನೆ ತುಂಬಿಸಿ ನೋಡಿದ್ದಾರಾ?’ ಅಂತ ಕೇಳಬಹುದು. ನೋಡಿದ್ದಾರೆ. 2006ರಲ್ಲಿ ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಅನ್ನುವ ಹೃದಯ ತಜ್ಞರು ಮತ್ತು ಅವರ ತಂಡ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಬೆನ್ಸನ್ ಧರ್ಮದ ವಿರೋಧಿ ಅಲ್ಲ. ಧ್ಯಾನ, ಪ್ರಾರ್ಥನೆಯಿಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಅಂತ ಬರೆದುಕೊಂಡು ಬಂದವರೇ. ಹಣ ಬಹುಪಾಲು ಕೊಟ್ಟಿದ್ದು ಧರ್ಮ ಮತ್ತು ವಿಜ್ಞಾನ ಕೂಡಬೇಕು ಅನ್ನುವ ಟೆಂಪಲ್‌ಟನ್ ಫೌಂಡೇಶನ್. ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಆಪರೇಷನ್ ಮಾಡಿಸಿಕೊಂಡ 1,802 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಮೊದಲಿನ ಎರಡು ಗುಂಪಿಗೆ ‘ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು’ ಅಂದರು. ಅದರಲ್ಲಿ ಒಂದಕ್ಕೆ ಪ್ರಾರ್ಥನೆ ನಡೆಯಿತು, ಇನ್ನೊಂದಕ್ಕೆ ಇಲ್ಲ. ಮೂರನೆಯ ಗುಂಪಿಗೆ ‘ಖಂಡಿತ ನಡೆಯುತ್ತದೆ’ ಅಂತ ಹೇಳಿಯೇ ಪ್ರಾರ್ಥನೆ ಮಾಡಿಸಿದರು. ಪ್ರಾರ್ಥಿಸಿದವರು ಕ್ರೈಸ್ತ ಗುಂಪುಗಳವರು, ಒಬ್ಬೊಬ್ಬ ರೋಗಿಗಾಗಿ ಹದಿನಾಲ್ಕು ದಿನ ಪ್ರಾರ್ಥಿಸಿದರು.

ಫಲಿತಾಂಶ ಏನು ಗೊತ್ತಾ? ಪ್ರಾರ್ಥನೆ ನಡೆದ ಗುಂಪಿನಲ್ಲಿ ಆಪರೇಷನ್ ನಂತರದ ತೊಂದರೆ ಕಾಣಿಸಿಕೊಂಡಿದ್ದು ನೂರಕ್ಕೆ 52 ಜನರಿಗೆ. ನಡೆಯದ ಗುಂಪಿನಲ್ಲಿ 51. ವ್ಯತ್ಯಾಸವೇ ಇಲ್ಲ ಅನ್ನಿ. ಆದರೆ ‘ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ’ ಅಂತ ಗೊತ್ತಿದ್ದ ಗುಂಪಿನಲ್ಲಿ 59! ‘ಇಷ್ಟೊಂದು ಜನ ಪ್ರಾರ್ಥಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ’ ಅಂತ ಅವರು ಗಾಬರಿ ಬಿದ್ದಿರಬಹುದು ಅನ್ನುವ ಊಹೆ ಇದೆ. ಬರೀ ಆಕಸ್ಮಿಕವೂ ಇರಬಹುದು. ನಾನಾದರೆ ಆ 59ಕ್ಕೆ ಜಾಸ್ತಿ ಅರ್ಥ ಹಚ್ಚಲು ಹೋಗುವುದಿಲ್ಲ.

ಇದಕ್ಕೆ ನಂಬುವವರು ಕೊಡುವ ಉತ್ತರ ಗಟ್ಟಿಯಾದದ್ದೇ. ದೇವರು ಪರೀಕ್ಷೆಗೆ ಕೂರುವ ಹುಡುಗ ಅಲ್ಲ, ಲ್ಯಾಬಿನಲ್ಲಿ ಕರೆದರೆ ಬರಲ್ಲ ಅಂತಾರೆ. ಒಪ್ಪುತ್ತೇನೆ. ಆದರೆ ಹಾಗಂದ ಮೇಲೆ ‘ನೋಡು, ಹರಕೆಯಿಂದ ನನ್ನ ಮಗ ವಾಸಿಯಾದ’ ಅನ್ನುವ ಮಾತನ್ನೂ ಬಿಡಬೇಕಾಗುತ್ತದೆ. ಪಾಸಾದಾಗ ದೇವರ ಮಹಿಮೆ, ಫೇಲಾದಾಗ ಪರೀಕ್ಷೆಯೇ ಸರಿ ಇಲ್ಲ ಅಂದರೆ ಆಗುತ್ತದಾ? ನೀವು ಕಂಟ್ರೋಲ್ ಫೇಲಾದ ದಿನ ಹಾಗೆ ಮಾಡಿದರೆ ಕೆಲಸ ಉಳಿಯುತ್ತದಾ?

ಇನ್ನೊಂದು ತೊಡಕೂ ಇದೆ. ನಿಮ್ಮ ಅಮ್ಮ ಮನೆದೇವರಿಗೆ ಹರಕೆ ಹೊತ್ತರು. ಅದೇ ಮಳೆಗಾಲದಲ್ಲಿ ಇನ್ನೊಬ್ಬ ತಾಯಿ ದರ್ಗಾದಲ್ಲಿ ಚಾದರ್ ಹೊದಿಸುತ್ತೇನೆ ಅಂದಿರುತ್ತಾಳೆ. ಮತ್ತೊಬ್ಬಳು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಮೇಣದಬತ್ತಿ ಹಚ್ಚಿರುತ್ತಾಳೆ. ಮೂವರ ಮಕ್ಕಳೂ ವಾಸಿಯಾಗಿರುತ್ತಾರೆ. ಮೂವರ ಹತ್ತಿರವೂ ಇರುವ ಪುರಾವೆ ಒಂದೇ ತೂಕದ್ದು. ಅದೇ ಪುರಾವೆಯಿಂದ ಮೂರು ಬೇರೆ ಬೇರೆ ಮಾತು ಸಾಬೀತಾಗುತ್ತದೆ ಅಂದರೆ ಅದರಲ್ಲಿ ಒಂದನ್ನೂ ಗಟ್ಟಿಯಾಗಿ ಹಿಡಿಯೋಕೆ ಆಗಲ್ಲ. ‘ಎಲ್ಲ ದೇವರೂ ಒಂದೇ’ ಅಂತ ನಿಮ್ಮ ಅಮ್ಮ ಇದಕ್ಕೆ ಉತ್ತರ ಕೊಡಬಹುದು. ನಮ್ಮ ಹಳ್ಳಿಗಳ ತಾಯಂದಿರು ಬಹಳ ಜನ ಹಾಗೇ ಅಂತಾರೆ, ದರ್ಗಾಕ್ಕೂ ಹೋಗುತ್ತಾರೆ. ತರ್ಕಕ್ಕೆ ಅದು ಸಾಲದು, ಆದರೆ ಜೊತೆಯಲ್ಲಿ ಬಾಳುವುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ.

ಈಗ ‘ಪ್ರಶ್ನೆ ಕೇಳೋದು ತಪ್ಪಾ’ ಅನ್ನುವುದಕ್ಕೆ ಬರುತ್ತೇನೆ. ನೀವು ಹಾಸನದವರು. ಶ್ರವಣಬೆಳಗೊಳಕ್ಕೆ ಶಾಲೆಯ ಪ್ರವಾಸದಲ್ಲಾದರೂ ಹೋಗಿರುತ್ತೀರಿ. ಸಾವಿರ ವರ್ಷದಿಂದ ಅಲ್ಲಿ ನಿಂತಿರುವ ಆ ಗೊಮ್ಮಟ, ಜಗತ್ತನ್ನು ಸೃಷ್ಟಿ ಮಾಡಿದ ದೇವರೊಬ್ಬ ಇದ್ದಾನೆ ಅನ್ನುವುದನ್ನು ಒಪ್ಪದ ಧರ್ಮದವನು. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲೇ ಸೃಷ್ಟಿಕರ್ತನ ಬಗ್ಗೆ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಾರೆ: ಜಗತ್ತೇ ಇಲ್ಲದಿದ್ದಾಗ ಆ ದೇವರು ಎಲ್ಲಿ ನಿಂತು ಅದನ್ನು ಮಾಡಿದ? ಸಾಮಗ್ರಿ ಎಲ್ಲಿಂದ ತಂದ? ಇನ್ನು ವೇದವೇ ಪ್ರಮಾಣ ಅನ್ನುವ ಮೀಮಾಂಸಕರೂ ವೇದಕ್ಕೆ ಕರ್ತೃವಾದ ದೇವರು ಬೇಕಿಲ್ಲ ಅಂತ ವಾದಿಸಿದವರು. ಅವರ ಎದುರಿಗೆ ತರ್ಕಶಾಸ್ತ್ರದ ನೈಯಾಯಿಕರು ನಿಂತು, ಮಡಕೆ ಇದ್ದ ಮೇಲೆ ಕುಂಬಾರ ಇರಬೇಕು ಅಂತ ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ದೇವರನ್ನು ಸಾಧಿಸಲು ಹೊರಟರು. ಯಾರ ಪಕ್ಷವಾದರೂ ಇರಲಿ, ‘ಸುಮ್ನೆ ನಂಬು’ ಅಂತ ಯಾರೂ ಹೇಳಲಿಲ್ಲ. ಪ್ರತ್ಯಕ್ಷವೋ, ಅನುಮಾನವೋ, ಶಬ್ದವೋ (ನಂಬತಕ್ಕವರ ಮಾತು), ಯಾವುದು ನಿನ್ನ ಪ್ರಮಾಣ ಅಂತ ಕೇಳಿಯೇ ಮಾತು ಶುರು ಮಾಡುತ್ತಿದ್ದರು. ಪ್ರಶ್ನೆ ಕೇಳುವುದು ಇಂಗ್ಲಿಷ್ ಶಾಲೆಯಿಂದ ಬಂದ ರೋಗ ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ನಮ್ಮ ಕಾಲದಲ್ಲಿ ಬೆಂಗಳೂರಿನವರಿಗೆ ಈ ಪಾಠ ಹೇಳಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಹತ್ತಿರದ ಹೊಸೂರಿನವರು. ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡಿಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದ ಬ್ರಹ್ಮಚಾರಿ. ಖಾದಿ ಪಂಚೆ, ಗಾಂಧಿ ಟೋಪಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ ಮಾಡಿದರು. ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ಮಾಡಿ ತೋರಿಸಬೇಕೆಂದು ಕೇಳಿಕೊಂಡರು. ಒಪ್ಪಿಗೆ ಸಿಗಲಿಲ್ಲ. ಆಗ ಎದ್ದ ಗಲಾಟೆ ನನಗೆ ಚೆನ್ನಾಗಿ ನೆನಪಿದೆ. ‘ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ’ ಅನ್ನುವವರೇ ಜಾಸ್ತಿ. ನನಗೆ ನರಸಿಂಹಯ್ಯನವರಲ್ಲಿ ಹಿಡಿಸಿದ್ದು ಬೇರೆ ವಿಷಯ. ಸಮಿತಿಯ ಹೆಸರಿನಲ್ಲೇ ‘ಪರೀಕ್ಷಿಸಬಹುದಾದ’ ಅನ್ನುವ ಮಾತು ಇತ್ತು. ದೇವರಿದ್ದಾನಾ ಅಂತ ಅವರು ತನಿಖೆ ಮಾಡಲು ಹೊರಡಲಿಲ್ಲ. ಶೂನ್ಯದಿಂದ ಬೂದಿ ಬರುತ್ತದೆ ಅಂತೀರಿ, ಬರಲಿ ನೋಡೋಣ ಅಂದರು, ಅಷ್ಟೇ.

1995ರ ಸೆಪ್ಟೆಂಬರ್ 21 ನೆನಪಾಗುತ್ತಿದೆ. ನೀವು ಆಗ ಹುಟ್ಟಿರಲಿಲ್ಲ. ಗಣಪತಿ ಹಾಲು ಕುಡಿದ ದಿನ. ಬೆಳಿಗ್ಗೆ ದೆಹಲಿಯಿಂದ ಸುದ್ದಿ ಹೊರಟಿತು, ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಕೊನೆಯ ಗುಡಿಯ ಮುಂದೂ ಸಾಲು. ನಾನೂ ಚಮಚ, ಲೋಟ ಹಿಡಿದು ನಿಂತೆ. ಒಂದು ಗಂಟೆ ಆದ ಮೇಲೆ ನನ್ನ ಸರದಿ ಬಂತು. ಚಮಚದಲ್ಲಿ ಹಾಲು ಅಂಚಿನವರೆಗೂ ಇತ್ತು, ನಡುವೆ ಸ್ವಲ್ಪ ಉಬ್ಬಿತ್ತು. ಅಂಚನ್ನು ಸೊಂಡಿಲಿಗೆ ತಾಗಿಸಿ ಕೊಂಚ ಓರೆ ಮಾಡಿದೆ. ಹಾಲು ನಿಜಕ್ಕೂ ಒಳಗೆ ಎಳೆದುಕೊಂಡ ಹಾಗೆ ಖಾಲಿಯಾಯಿತು. ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎಡಗೈ ಬೆರಳನ್ನು ಗಣಪತಿಯ ಹೊಟ್ಟೆಯ ಕೆಳಗೆ ಇಟ್ಟೆ. ಒದ್ದೆ. ಹಾಲು ತೆಳ್ಳಗೆ ಕಲ್ಲಿಗೆ ಅಂಟಿಕೊಂಡು ಇಳಿಯುತ್ತಿತ್ತು. ಬಿಳಿ ಅಮೃತಶಿಲೆಯ ಮೇಲೆ ಬಿಳಿ ಹಾಲು, ಯಾರಿಗೆ ಕಾಣಬೇಕು? ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಇದನ್ನೇ ತೋರಿಸಿದರು. ದ್ರವದ ಮೇಲ್ಮೈ ಬಿಗಿತದಿಂದ ಹಾಲು ಕಲ್ಲಿನ ಕಡೆಗೆ ಎಳೆದುಕೊಳ್ಳುತ್ತದೆ, ಆಮೇಲೆ ಮೈಗುಂಟ ಹರಿಯುತ್ತದೆ. ಹಿಂದೆ ನಿಂತಿದ್ದ ಅಜ್ಜಿಗೆ ನನ್ನ ಒದ್ದೆ ಬೆರಳು ತೋರಿಸಿದೆ. ಅವರು ಅದನ್ನು ಪ್ರಸಾದ ಅಂತ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಪುರಾವೆ ಹಿಡಿದು ವಾದಕ್ಕೆ ಹೋಗುವವರೆಲ್ಲ ಆ ಅಜ್ಜಿಯನ್ನು ಒಮ್ಮೆ ಎದುರಿಸಬೇಕು ನೋಡಿ.

ಪ್ರಶ್ನೆ ಕೇಳಿದ್ದಕ್ಕೆ ಬೆಲೆ ತೆರಬೇಕಾಗಿಲ್ಲ ಅಂತಲೂ ನಾನು ಹೇಳಲಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮಹಾರಾಷ್ಟ್ರದಲ್ಲಿ ಜಾತಕವನ್ನು ಪರೀಕ್ಷೆಗೆ ಇಟ್ಟಿದ್ದರು. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯ 100 ಮಕ್ಕಳು, ಇವರ ಜಾತಕ ಕಲಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಕೊಟ್ಟು, ಯಾವುದು ಯಾರದ್ದು ಹೇಳಿ ಅಂದರು. ಉತ್ತರ ಕಳಿಸಿದ್ದು 27 ಜ್ಯೋತಿಷಿಗಳು. ಸರಿಯಾಗಿದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ 50ರ ಹತ್ತಿರ ಬರುತ್ತಿತ್ತು. ಆ ಕೆಲಸದಲ್ಲಿ ಜೊತೆಗಿದ್ದವರಲ್ಲಿ ಒಬ್ಬರು, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ವೈದ್ಯ ನರೇಂದ್ರ ದಾಭೋಲ್ಕರ್. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ವಾಕಿಂಗ್ ಹೋಗಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. ನಿಮ್ಮ ಮನೆಯ ಜಗಳ ಅಮ್ಮನ ಕಣ್ಣೀರಿನಲ್ಲಿ ಮುಗಿಯಿತಲ್ಲ, ಅದನ್ನು ಸಣ್ಣದು ಅಂತ ನಾನು ಅನ್ನುತ್ತಿಲ್ಲ. ಆದರೆ ಅತ್ತ ಅಮ್ಮನ ಜೊತೆ ಮಾತಾಡುವ ದಾರಿ ಇನ್ನೂ ತೆರೆದಿದೆ.

ಪುರಾವೆ ಇಲ್ಲದ್ದನ್ನು ನಂಬುವುದು ತಪ್ಪಾ? 1877ರಲ್ಲಿ ಕ್ಲಿಫರ್ಡ್ ಅನ್ನುವ ಇಂಗ್ಲೆಂಡಿನ ಗಣಿತಜ್ಞ ಇದಕ್ಕೆ ‘ತಪ್ಪು, ಯಾವಾಗಲೂ, ಯಾರಿಗಾದರೂ ತಪ್ಪು’ ಅಂತ ಖಡಾಖಂಡಿತವಾಗಿ ಉತ್ತರ ಕೊಟ್ಟ. ಹಳೆಯ ಹಡಗನ್ನು ರಿಪೇರಿ ಮಾಡಿಸದೆ, ‘ದೇವರಿದ್ದಾನೆ, ಏನೂ ಆಗಲ್ಲ’ ಅಂತ ಮನಸಾರೆ ನಂಬಿ ಜನರನ್ನು ಹತ್ತಿಸಿ ಕಳಿಸಿದ ಮಾಲೀಕನ ಉದಾಹರಣೆ ಕೊಟ್ಟ. ಹಡಗು ಮುಳುಗಿದರೆ ಅವನ ನಂಬಿಕೆ ಪ್ರಾಮಾಣಿಕವಾಗಿತ್ತು ಅನ್ನುವುದು ನೆಪ ಆಗುತ್ತದಾ? ನಾನು ಕ್ಲಿಫರ್ಡ್‌ನಷ್ಟು ಬಿಗಿ ಅಲ್ಲ. ನಾನು ಕೇಳುವುದು, ಹಡಗಿನಲ್ಲಿ ಯಾರಿದ್ದಾರೆ ಅಂತ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣ ಮುಗಿಯುವಷ್ಟರಲ್ಲಿ ವೈಕಲ್ಯ ಹೋಗುತ್ತದೆ ಅನ್ನುವ ನಂಬಿಕೆ. ಹೂತವರು ಆ ಮಕ್ಕಳ ಹೆತ್ತವರೇ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರು ಹೇಳಿಯಾರು? ಆದರೆ ಅಲ್ಲಿ ನಂಬುವವರು ಒಬ್ಬರು, ಮಣ್ಣಿನಲ್ಲಿ ನಿಂತವರು ಇನ್ನೊಬ್ಬರು. ಅಂಥ ಕಡೆ ಪುರಾವೆ ಕೇಳಲೇಬೇಕು, ಮನಸ್ಸು ನೋಯುತ್ತದೆ ಅಂತ ಸುಮ್ಮನಿರಬಾರದು. ನಿಮ್ಮ ಅಮ್ಮ ಮುಡಿಪು ಕಟ್ಟಿದ್ದು ಆ ಜಾತಿಯದ್ದಲ್ಲ. ಅವರು ಮಗನನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋದವರು.

‘ಹೋದರೆ ಒಂದು ತೆಂಗಿನಕಾಯಿ, ಇದ್ದರೆ ದೇವರು ಕಾಯುತ್ತಾನೆ’ ಅಂತಾರಲ್ಲ, ಅದೇ ಲೆಕ್ಕವನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ದೊಡ್ಡ ಪಂದ್ಯದ ರೂಪದಲ್ಲಿ ಬರೆದ. ತೆಂಗಿನಕಾಯಿ ಒಂದೇ ಆದರೆ ನನ್ನದೇನೂ ತಕರಾರಿಲ್ಲ. ಕಾಯಿ ಹೋಗಿ ಕಾಯಿಲೆ ಗುರುತಿಸುವ ಎರಡು ವಾರ ಹೋದರೆ ತಕರಾರಿದೆ. ಎಲ್ಲ ಕಾಮಾಲೆಯೂ ತಾನಾಗಿ ಇಳಿಯುವುದಿಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದ್ದರೆ ಸುಣ್ಣದ ನೀರಿನಿಂದ ಜಾರುವುದಿಲ್ಲ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಪ್ರಾಣಕ್ಕೇ ಅಪಾಯ. ಹುಟ್ಟಿದ ಮಗುವಿಗೆ ಬಿಲಿರುಬಿನ್ ತೀರಾ ಏರಿದರೆ ಮೆದುಳಿಗೆ ಏಟು. ಅಮ್ಮನಿಗೆ ಹೇಳಲೇಬೇಕಾದದ್ದು ಇಷ್ಟು. ‘ದೇವರಿಲ್ಲ’ ಅಂತ ಹೇಳುವುದಕ್ಕಿಂತ ‘ನಾಳೆ ಪಕ್ಕದ ಮನೆಯ ಬಸುರಿಗೆ ಕಣ್ಣು ಹಳದಿಯಾದರೆ ಕಾಮಾಲೆ ಇಳಿಸುವವರ ಹತ್ತಿರ ಕಳಿಸಬೇಡಮ್ಮ’ ಅಂತ ಹೇಳುವುದು ನೂರು ಪಾಲು ಮುಖ್ಯ.

ಉಳಿದಿದ್ದು ನಿಮ್ಮ ಭಯ. ನಾನು ದೇವರನ್ನು ನಂಬುವುದಿಲ್ಲ. ನನ್ನ ಹೆಂಡತಿ ನಂಬುತ್ತಾಳೆ. ನಲವತ್ತೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ನನಗೆ ಇವತ್ತಿಗೂ ಕಾಲಿಗೆ ಪುಸ್ತಕ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಮುಂದೆ ಹೋಗಲು ಆಗುವುದಿಲ್ಲ. ಸರಸ್ವತಿ ಇದ್ದಾಳೆ ಅನ್ನುವುದಕ್ಕೆ ಅದು ಪುರಾವೆಯೂ ಅಲ್ಲ, ನನ್ನ ಬುದ್ಧಿ ಕೆಟ್ಟಿದೆ ಅನ್ನುವುದಕ್ಕೂ ಅಲ್ಲ. ಐದನೇ ವಯಸ್ಸಿನಲ್ಲಿ ಅಜ್ಜಿ ಕಲಿಸಿದ್ದು ಕೈಯಲ್ಲಿ ಉಳಿದಿದೆ. ಬಸ್ಸಿನಲ್ಲಿ ಎದೆಗೆ ಹೋಗುವ ನಿಮ್ಮ ಕೈಯೂ ಹಾಗೇ. ಹೋಗಲಿ ಬಿಡಿ. ಅದನ್ನು ಹಿಡಿದು ನಿಲ್ಲಿಸುವುದೇ ಒಂದು ವ್ರತ ಆಗಬಾರದಲ್ವಾ? ದೇವರಿದ್ದಾನಾ ಇಲ್ಲವಾ ಅನ್ನುವುದನ್ನು ಈ ವರ್ಷವೇ ತೀರ್ಮಾನ ಮಾಡಬೇಕು ಅನ್ನುವ ಅವಸರವೂ ಬೇಡ. ಸದ್ಯ ನಿಮಗೆ ಗೊತ್ತಾಗಿರುವುದು, ತಮ್ಮನ ಕಾಮಾಲೆಯಿಂದ ಆ ಪ್ರಶ್ನೆಗೆ ಯಾವ ಕಡೆಯಿಂದಲೂ ಉತ್ತರ ಸಿಗುವುದಿಲ್ಲ ಅನ್ನುವುದು.

ಹರಕೆಗೆ ಹೋಗಿ. ಹರಕೆ ಹೊತ್ತವರು ಅಮ್ಮ, ತೀರಿಸಬೇಕಾದ ಋಣ ಅವರದ್ದು. ನೀವು ಬ್ಯಾಗು ಹಿಡಿದುಕೊಳ್ಳಿ, ಮೆಟ್ಟಿಲಲ್ಲಿ ಅವರ ಕೈ ಹಿಡಿದುಕೊಳ್ಳಿ. ಮಂಗಳಾರತಿ ತಗೊಳ್ಳಬೇಕು ಅನ್ನಿಸಿದರೆ ತಗೊಳ್ಳಿ, ಅನ್ನಿಸದಿದ್ದರೆ ಬೇಡ. ‘ನೋಡಿದ್ಯಾ, ದೇವರೇ ಕಾಪಾಡಿದ್ದು’ ಅಂತ ಅವರು ದಾರಿಯಲ್ಲಿ ಅಂದೇ ಅನ್ನುತ್ತಾರೆ. ಆಗ ವಾದ ಬೇಡ, ಹ್ಞೂಂಗುಟ್ಟುವುದೂ ಬೇಡ. ‘ಅವನು ಹುಷಾರಾದನಲ್ಲ, ಸದ್ಯ’ ಅಂದರೆ ಸಾಕು. ಅದು ಇಬ್ಬರಿಗೂ ನಿಜ.

ಹೊರಡುವ ಮುಂಚೆ ತಮ್ಮನ ಹಳೆಯ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿದ್ದರಾ ಅಂತ ನೀವು ಬರೆದಿಲ್ಲ. ಅವೆರಡು ಹಳದಿ ಇಳಿದ ಮೇಲೂ ಕೆಲವರ ಲಿವರ್‌ನಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ಮಾಡಿಸಿಲ್ಲದಿದ್ದರೆ ನಿಮ್ಮ ಲ್ಯಾಬಿನಲ್ಲೇ ಮಾಡಿಸಿಬಿಡಿ. ದಿನಾ ರಕ್ತ ಮುಟ್ಟುವ ಕೆಲಸ ನಿಮ್ಮದು, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡಿದ್ದೀರಾ?